ಕೊಳೆರೋಗದ ಪಾಠಕ್ಕೆ 1910ರ ಪುಸ್ತಿಕೆ

ನಮ್ಮ ಶಾಲೆ ಇರುವುದು ಸಾಗರದ ಕಡೆ. ಜೂನ್‌ನಲ್ಲಿ ಹಾಜರಿ ಒಂದು ಹದಕ್ಕೆ ಬರುವ ಹೊತ್ತಿಗೆ ಅಡಿಕೆ ತೋಟಗಳಲ್ಲಿ ಮೊದಲ ಸುತ್ತಿನ ಔಷಧಿ ಹೊಡೆದಾಗಿರುತ್ತದೆ. ಅಪ್ಪನ ಜೊತೆ ಕೆಲಸಕ್ಕೆ ಹೋದ ಹುಡುಗರ ಅಂಗಿ ತೋಳಿನ ಮೇಲೆ ಬೋರ್ಡೋ ದ್ರಾವಣದ ತಿಳಿನೀಲಿ ಕಲೆ. ಆ ಕಲೆಗಳನ್ನು ನೋಡುತ್ತಲೇ ಹನ್ನೊಂದು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಪಾಠ ಅಲ್ಲೇ ಇದೆ ಅಂತ ಹೊಳೆಯಲಿಲ್ಲ.

ಹೊಳೆದದ್ದು ಬೆಂಗಳೂರಿನಲ್ಲಿ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಿಂದ ಜೀವವಿಜ್ಞಾನದ ಇತಿಹಾಸಕ್ಕೆಂದೇ ಒಂದು ದಾಖಲಾಗಾರ ಇದೆ. ವಿಜ್ಞಾನಿಗಳ ಪತ್ರ, ನೋಟ್‌ಬುಕ್, ಫೋಟೊಗಳನ್ನು ಅಲ್ಲಿ ಕಾಪಿಟ್ಟಿದ್ದಾರೆ. ಅರ್ಧ ದಿನ ಕೂತು ಬಂದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಕಾಟು ಹೊಡೆದ ಸಾಲುಗಳು. ನಮ್ಮ ಪಠ್ಯಪುಸ್ತಕದಲ್ಲಿ ಯಾರೂ ಏನನ್ನೂ ಕಾಟು ಹೊಡೆದಿಲ್ಲವಲ್ಲ!

ಊರಿಗೆ ಬಂದು ನಮ್ಮ ಕಡೆಯ ಹಳೇ ವಿಜ್ಞಾನ ಏನಿದೆ ಎಂದು ಅಂತರ್ಜಾಲದಲ್ಲಿ ಹುಡುಕಿದೆ. ಲೆಸ್ಲಿ ಕೋಲ್ಮನ್ ಸಿಕ್ಕಿದರು. ಕೆನಡಾದವರು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, ಮುಂದೆ ಇಲ್ಲಿನ ಕೃಷಿ ಇಲಾಖೆಯ ನಿರ್ದೇಶಕರೂ ಆದವರು. 1910ರಲ್ಲಿ ಅವರು ಅಡಿಕೆಯ ರೋಗದ ಬಗ್ಗೆ ಒಂದು ಪುಸ್ತಿಕೆ ಬರೆದರು. ಭಾಷೆ ಇಂಗ್ಲಿಷ್, ಆದರೆ ರೋಗದ ಹೆಸರು ಮಾತ್ರ ನಮ್ಮದೇ, ‘ಕೊಳೆರೋಗ’.

ಮೊದಲ ಸಲ ಪೂರ್ತಿ ಎಡವಟ್ಟು ಮಾಡಿಕೊಂಡೆ. ಹತ್ತಾರು ಪುಟ ಜೆರಾಕ್ಸ್ ಮಾಡಿಸಿ ಹತ್ತನೇ ತರಗತಿಗೆ ಹಂಚಿದೆ. ಕನ್ನಡ ಮಾಧ್ಯಮದ ಮಕ್ಕಳು, ನೂರು ವರ್ಷದ ಹಿಂದಿನ ಸರ್ಕಾರಿ ಇಂಗ್ಲಿಷ್. ಪಿರಿಯಡ್ ಮುಗಿಯುವಷ್ಟರಲ್ಲಿ ಎರಡು ಹಾಳೆ ವಿಮಾನವಾಗಿದ್ದವು. ಮರುವಾರ ಒಂದೇ ಒಂದು ಚಿತ್ರಪಟ, ಎರಡು ಪ್ಯಾರಾ ಆರಿಸಿ ನಾನೇ ಕನ್ನಡಕ್ಕೆ ತಂದೆ. ಹಳೇ ದಾಖಲೆ ಸಿಕ್ಕಾಗ ಎಲ್ಲವನ್ನೂ ತೋರಿಸುವ ಆಸೆ ಬರುತ್ತದೆ. ಆ ಆಸೆಯನ್ನು ಹತ್ತಿಕ್ಕುವುದೇ ಅರ್ಧ ಕೆಲಸ.

ಚಿತ್ರದಲ್ಲಿದ್ದದ್ದನ್ನು ನಾವೇ ನೋಡಬೇಕಿತ್ತಲ್ಲ. ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಪ್ಪಾಗಿ ಉದುರಿದ ಎಳೆ ಅಡಿಕೆ ತಂದು, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿಟ್ಟೆವು. ಮೂರನೇ ದಿನಕ್ಕೆ ಬಿಳಿ ಅರಳೆಯಂಥ ಬೂಷ್ಟು. ಸೂಜಿಯ ತುದಿಯಷ್ಟು ಕಿತ್ತು ಸೂಕ್ಷ್ಮದರ್ಶಕದಲ್ಲಿಟ್ಟರೆ ನಿಂಬೆಹಣ್ಣಿನ ಆಕಾರದ ಬೀಜಕ ಚೀಲಗಳು, ತುದಿಯಲ್ಲಿ ಸಣ್ಣ ಮೊನೆ ಸಹಿತ. ಅವು ಒಡೆಯಬೇಕಾದರೆ ತಂಪು ಬೇಕು. ಶಾಲೆಯಲ್ಲಿ ಫ್ರಿಜ್ ಎಲ್ಲಿಂದ ತರುವುದು? ಎದುರಿನ ಚಹಾ ಅಂಗಡಿಯ ಫ್ರಿಜ್‌ನಲ್ಲಿ, ಹಾಲಿನ ಪ್ಯಾಕೆಟ್ ಪಕ್ಕ, ಬಿಗಿಯಾಗಿ ಮುಚ್ಚಿದ ಸೀಸೆಯನ್ನು ಇಪ್ಪತ್ತು ನಿಮಿಷ ಇಟ್ಟೆವು. (ಅದು ಏನೆಂದು ಅಂಗಡಿಯವರಿಗೆ ಪೂರ್ತಿ ಹೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ.) ಮೊದಲ ಸ್ಲೈಡ್ ಒಣಗಿಹೋಯಿತು. ಎರಡನೆಯದರಲ್ಲಿ ಒಂದು ಚೀಲ ಕಣ್ಣೆದುರೇ ಒಡೆದು ಒಳಗಿದ್ದ ಬೀಜಕಗಳು ಗಿರಗಿರ ತಿರುಗುತ್ತಾ ಹೊರಬಿದ್ದವು. ನೋಡಿದ್ದು ನಾಲ್ಕೇ ಮಕ್ಕಳು. ಉಳಿದವರು ಇವತ್ತಿಗೂ ನಂಬಿಲ್ಲ.

ಈಜುವ ಬೀಜಕ ಎಂದ ಮೇಲೆ ಮಳೆಗೂ ರೋಗಕ್ಕೂ ಇರುವ ನಂಟನ್ನು ನಾನು ವಿವರಿಸಬೇಕಾಗಲಿಲ್ಲ. ಒಬ್ಬಳ ಮನೆಯಲ್ಲಿ ಅಜ್ಜ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕವಿತ್ತು, ಎಲ್ಲ ಇಂಚಿನಲ್ಲಿ. 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ ನಕ್ಷೆ ಬರೆದರು. ಔಷಧಿ ಹೊಡೆದ ತಾರೀಕುಗಳೂ ಅದರಲ್ಲೇ ಇದ್ದವು. ಗಣಿತದ ಮೇಷ್ಟ್ರು ಒಂದು ಪಿರಿಯಡ್ ಬಿಟ್ಟುಕೊಟ್ಟರು.

ಔಷಧಿಯ ಕಥೆ ಫ್ರಾನ್ಸ್‌ನದ್ದು. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಪಕ್ಕದ ಬಳ್ಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗುಲದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದರು. ಕಥೆ ಹೇಳಿ ನಾನೇ ದ್ರಾವಣ ಮಾಡಲು ಕೂತೆ. 100 ಲೀಟರಿಗೆ ತಲಾ ಒಂದು ಕೆಜಿ, ನಮಗೆ ಒಂದು ಲೀಟರಿಗೆ ಹತ್ತತ್ತು ಗ್ರಾಂ. ತುತ್ತದ ನೀರಿಗೆ ಸುಣ್ಣದ ತಿಳಿ ಹೊಯ್ಯಲು ಕೈಯೆತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ಬಂದ.

“ಮೇಡಂ, ಸುಣ್ಣಕ್ಕೆ ತುತ್ತ ಹೊಯ್ಯೋದು. ಉಲ್ಟಾ ಮಾಡಿದ್ರೆ ಅಪ್ಪ ಬೈತಾರೆ.”

ವಿಜ್ಞಾನದಲ್ಲಿ ಮೂವತ್ತೈದು ದಾಟದ ಹುಡುಗ. ಕೊನೆಗೆ ಕತ್ತಿ ಅದ್ದಿ ನೋಡಿದವನೂ ಅವನೇ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಹತ್ತನೇ ತರಗತಿಯ ಮೊದಲ ಪಾಠದ ಕಬ್ಬಿಣದ ಮೊಳೆಯ ಪ್ರಯೋಗ ಇದೇ ತಾನೇ! ಮೊಳೆಯನ್ನು ಬಾಯಿಪಾಠ ಮಾಡಿದ್ದ ಮಕ್ಕಳಿಗೆ ಕತ್ತಿ ಮೊದಲೇ ಗೊತ್ತಿತ್ತು.

ತೊಡಕು ಬಂದದ್ದು ವರ್ಗೀಕರಣದಲ್ಲಿ. ಕೊಳೆರೋಗ ತರುವ ಜೀವಿಯನ್ನು ಕೋಲ್ಮನ್ ಶಿಲೀಂಧ್ರ ಎಂದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿದ ಫೈಟಾಫ್ತೊರಾ ಕುಲದ್ದೇ ಇದೂ. ಈಗಿನ ತಿಳಿವಳಿಕೆಯಲ್ಲಿ ಆ ಕುಲ ನಿಜವಾದ ಶಿಲೀಂಧ್ರವಲ್ಲ. ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಹತ್ತಿರದ ನೆಂಟರು ಕಂದು ಪಾಚಿಗಳು. “ಹಾಗಾದ್ರೆ ಅವರು ಬರೆದಿದ್ದು ತಪ್ಪಾ ಮೇಡಂ?” ಅರ್ಧ ಪಿರಿಯಡ್ ಇದಕ್ಕೇ ಹೋಯಿತು. ನೋಡಿದ್ದು ತಪ್ಪಲ್ಲ, ಇಟ್ಟ ಗೂಡು ಬೇರೆ ಎಂದಳು ಒಬ್ಬಳು. ಪರೀಕ್ಷೆಯಲ್ಲಿ ಮಾತ್ರ ಶಿಲೀಂಧ್ರ ಅಂತಲೇ ಬರೀರಿ ಎಂದೆ. ಹಾಗೆ ಹೇಳಿದ್ದು ನನಗೆ ಇವತ್ತಿಗೂ ಸರಿ ಕಂಡಿಲ್ಲ.

ನಾನು ಆರಿಸಿದ್ದ ಪುಟಗಳಲ್ಲಿ ಔಷಧಿ ಹೊಡೆಯಲು ಮರ ಹತ್ತುವವನ ಹೆಸರಿರಲಿಲ್ಲ. ಸಮಾಜ ವಿಜ್ಞಾನದ ಸರ್ ಅದನ್ನು ಎತ್ತಿ ತೋರಿಸಿದರು. ಮಕ್ಕಳು ಮರ ಹತ್ತುವ ಕೆಲಸದ ಒಬ್ಬ ಹಿರಿಯ ಕೊನೆಗೌಡರನ್ನು ಕೂರಿಸಿಕೊಂಡು ಮೊಬೈಲ್‌ನಲ್ಲಿ ಮಾತು ಹಿಡಿದರು: ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಕಾಲ, ಔಷಧಿ ಅಂಟಲೆಂದು ರಾಳ ಕುದಿಸಿ ಬೆರೆಸಿದ್ದು, ಮಳೆಯಲ್ಲಿ ಜಾರುವ ಮರ, ಕಣ್ಣಿಗೆ ಹಾರಿದ ತುತ್ತ. ನಲವತ್ತು ನಿಮಿಷದ ಮಾತು, ಹಿನ್ನೆಲೆಯಲ್ಲಿ ಹೆಂಚಿನ ಮೇಲೆ ಮಳೆಯ ಸದ್ದು.

ಒಟ್ಟು ಒಂಬತ್ತು ಪಿರಿಯಡ್ ಹಿಡಿಯಿತು, ಸಿಲಬಸ್ ಎರಡು ವಾರ ಹಿಂದೆ ಬಿತ್ತು. ಆ ಧ್ವನಿಮುದ್ರಣ ಈಗ ಶಾಲೆಯ ಕಂಪ್ಯೂಟರಿನಲ್ಲಿದೆ. ಮಾತಾಡಿದವರು ಯಾರು, ಯಾವ ಊರು, ಯಾವ ದಿನ ಎಂದು ಹೆಣ್ಣುಮಕ್ಕಳಿಬ್ಬರು ಒಂದು ಚೀಟಿ ಬರೆದು, ಅದರ ಫೋಟೊ ತೆಗೆದು ಜೊತೆಗೇ ಹಾಕಿದ್ದಾರೆ. ಚೀಟಿಯಲ್ಲಿ ಊರಿನ ಹೆಸರು ಮೊದಲು ತಪ್ಪಾಗಿತ್ತು. ಕಾಟು ಹೊಡೆದು ಪಕ್ಕದಲ್ಲಿ ಸರಿ ಬರೆದಿದ್ದಾರೆ.