ಕಾಳುಮೆಣಸಿನ ಸೊರಗು ರೋಗ: ನಾವು ಕಲಿತಿದ್ದು ಹೇಗೆ (ನನ್ನ ಅನುಭವ)

ನಮ್ದು ಶಿರಸಿ ಹತ್ರ ಅಡಿಕೆ ತೋಟ, ಮರಕ್ಕೇ ಕಾಳುಮೆಣಸು ಹಬ್ಸಿದ್ದು. ಮಳೆ ಜೋರಾದ್ರೆ ಸೊರಗು ರೋಗ ಶುರು, ಎಲೆ ಮೇಲೆ ಕಪ್ಪು ಚುಕ್ಕೆ, ಆಮೇಲೆ ಗೆಣ್ಣುಗೆಣ್ಣಿಗೆ ಕಳಚಿ ಬೀಳತ್ತೆ. ಇದಕ್ಕೆ ಕಾರಣ ಫೈಟಾಫ್ಥೊರಾ ಅನ್ನೋ ಸೂಕ್ಷ್ಮಜೀವಿ, ಅದು ನೀರಿನ ಜೊತೆ ಹರಡತ್ತೆ, ಮೇಲಿನ ತೋಟದವ್ರು ಬಸಿಗಾಲುವೆ ಬಿಡಿಸ್ದೇ ಇದ್ರೆ ಕೆಳಗಿನವ್ರು ಏನು ಮಾಡಿದ್ರೂ ಅಷ್ಟೇ.

ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿದ್ರೆ ತಲೆಗೊಂದು ಮದ್ದು ಹೇಳ್ತಾರೆ. ನಮಗೆ ನಿಜವಾಗಿ ದಾರಿ ತೋರ್ಸಿದ್ದು ಮದ್ದು ಹೊಡಿಯೋಕೆ ಬರೋ ಕೊನೆಗೌಡ್ರು (ಅಡಿಕೆ ಮರ ಹತ್ತಿ ಕೊನೆ ಇಳಿಸೋರು). ಸುತ್ತಲಿನ ಅಷ್ಟೂ ತೋಟ ಹತ್ತಿ ಇಳಿಯೋರು, ಯಾರ ಬಳ್ಳಿ ಹೇಗಿದೆ ಅಂತ ಅವ್ರಿಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿರಲ್ಲ. "ಹೆಗಡೇರೇ, ಆ ಕೆರೆ ಕೆಳಗಿನ ತೋಟದಲ್ಲಿ ಹಿಪ್ಪಲಿ ಬುಡದ ಬಳ್ಳಿ ಉಂಟು, ಒಮ್ಮೆ ನೋಡ್ಕಂಡ್ ಬನ್ನಿ" ಅಂದ್ರು.

ಹೋದೆ. ಬುಡ ಬ್ರೆಜಿಲ್ ಕಡೆಯ ಕೊಲುಬ್ರಿನಂ ಹಿಪ್ಪಲಿ, ಅದರ ಮೇಲೆ ಕಸಿ ಕಟ್ಟಿದ್ದು ನಮ್ಮ ಮೆಣಸು. ವಿಜಯಪುರದ ದ್ರಾಕ್ಷಿಯವ್ರು ಬರ ಮತ್ತೆ ಉಪ್ಪುನೀರು ತಡಿಲಿ ಅಂತ ಡಾಗ್‌ರಿಡ್ಜ್ ಅನ್ನೋ ದ್ರಾಕ್ಷಿ ತಳಿಯ ಬೇರಿನ ಮೇಲೆ ಕಸಿ ಕಟ್ತಾರಲ್ಲ, ಅದೇ ಲೆಕ್ಕ, ಇಲ್ಲಿ ಸೊರಗು ರೋಗ ತಡಿಯೋಕೆ. ಆ ಮನೆ ಅಕ್ಕ ಬುಡದ ಸೊಪ್ಪು ಸರಿಸಿ ಕಸಿ ಗಂಟು ತೋರ್ಸಿದ್ರು. ಗಂಟು ಮಣ್ಣಿಗಿಂತ ಮೇಲೇ ಇರ್ಬೇಕು, ಮುಚ್ಚೋದ್ರೆ ಮೇಲಿನ ಬಳ್ಳಿಗೇ ಬೇರು ಬಂದು ರೋಗ ಅಲ್ಲಿಂದ್ಲೇ ಹತ್ತತ್ತೆ ಅಂದ್ರು. ಬೇಸಿಗೇಲಿ ನೀರು ತಪ್ಪಿಸೋ ಹಾಗಿಲ್ಲ, ಹಿಪ್ಪಲಿ ಒಣಗು ತಡಿಯಲ್ಲ ಅಂತ ಅದನ್ನೂ ಮುಚ್ಚುಮರೆ ಇಲ್ದೇ ಹೇಳಿದ್ರು. ಇಂಥದ್ದು ಯಾವ ವಿಡಿಯೋದಲ್ಲೂ ನಾನು ನೋಡಿರ್ಲಿಲ್ಲ.

ಈಗ ನೀರು ನಿಲ್ಲೋ ತಗ್ಗಲ್ಲಿ ಕಸಿ ಗಿಡ, ಉಳಿದ ಕಡೆ ಮಾಮೂಲಿ ಬಳ್ಳಿ. ಮಳೆಗೆ ಮುಂಚೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡಿತೀವಿ, ಅಂದ್ರೆ 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ಬೇರೆಬೇರೆ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಬೇಕು, ಕತ್ತಿ ಅದ್ದಿದಾಗ ಕೆಂಪು ಹಿಡಿದ್ರೆ ಸುಣ್ಣ ಸಾಲ್ದು. (ಈ ಬೋರ್ಡೋನೂ ಫ್ರಾನ್ಸಿನ ದ್ರಾಕ್ಷಿ ರೈತರಿಂದ್ಲೇ ಬಂದಿದ್ದು. ಕಳ್ಳರು ಮುಟ್ಟದಿರ್ಲಿ ಅಂತ ರಸ್ತೆ ಬದಿ ಬಳ್ಳಿಗೆ ತುತ್ತ ಸುಣ್ಣ ಎರಚ್ತಿದ್ರು, ಆ ಬಳ್ಳಿಗೆ ರೋಗ ಬರದ್ದನ್ನ ಮಿಲಾರ್ಡೆ ಅನ್ನೋ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ್ರು.) ಟ್ರೈಕೋಡರ್ಮಾ ಅನ್ನೋ ರೋಗ ತಡಿಯೋ ಶಿಲೀಂಧ್ರಾನ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಕಲಸಿ ಬುಡಕ್ಕೆ ಕೊಡ್ತೀವಿ, ಆದ್ರೆ ಬೋರ್ಡೋ ಜೊತೆ ಯಾವತ್ತೂ ಅಲ್ಲ, ತುತ್ತದಲ್ಲಿರೋ ತಾಮ್ರ ಆ ಒಳ್ಳೆ ಶಿಲೀಂಧ್ರವನ್ನೂ ಕೊಲ್ಲತ್ತೆ.

ಮೇಲಿನ ತೋಟದವ್ರೂ ಈಗ ನಮ್ಮ ಜೊತೆಗೇ ಕಾಲುವೆ ಬಿಡಿಸ್ತಾರೆ, ಇದು ನನಗೆ ಕಸಿಗಿಂತ ದೊಡ್ಡ ಲಾಭ ಅನ್ಸತ್ತೆ. ಕಸಿ ಬಳ್ಳಿ ನೋಡೋಕೆ ಬರೋರು ಮಳೆಗಾಲದಲ್ಲೇ ಬನ್ನಿ, ಸೊರಗಿದ್ದು ಸೊರಗದ್ದು ಎರಡೂ ಅಕ್ಕಪಕ್ಕ ತೋರಿಸ್ತೀನಿ.