ಮಳೆಗಾಲಕ್ಕೆ ಮುನ್ನ ಉಸಿರಿನ ತಯಾರಿ: ಕೊಡಗಿನ ಮನೆಯಲ್ಲಿ ಸಿಒಪಿಡಿ ಆರೈಕೆ

ಮೇ ತಿಂಗಳ ಕೊನೆಯ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಸೌದೆ ಕೊಟ್ಟಿಗೆ ಸೇರುತ್ತದೆ, ಒಡೆದ ಹೆಂಚು ಬದಲಾಗುತ್ತದೆ, ಅಕ್ಕಿ, ಒಣಮೀನು, ಉಪ್ಪಿನಕಾಯಿಗಳ ದಾಸ್ತಾನು ಆಗುತ್ತದೆ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ತಯಾರಿಯೂ ನಡೆಯಬೇಕು. ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ, ಮುಚ್ಚಿದ ಕಿಟಕಿಗಳೊಳಗೆ ನಿಂತ ಒಲೆಯ ಹೊಗೆ, ದಿನಗಟ್ಟಲೆ ಬಾರದ ಕರೆಂಟು, ಬರೆ ಕುಸಿದು ಮುಚ್ಚಿಹೋಗುವ ರಸ್ತೆ ಇವೆಲ್ಲ ಒಟ್ಟಾಗಿ ಈ ಕಾಯಿಲೆಯವರನ್ನು ಕಾಡುವುದು ಆ ನಾಲ್ಕು ತಿಂಗಳಲ್ಲೇ. ನಮ್ಮ ಅವ್ವನಿಗೆ ಈ ಕಾಯಿಲೆ ಇದೆಯೆಂದು ತಿಳಿದ ಮೇಲೆ ಒಂಬತ್ತು ಮಳೆಗಾಲಗಳನ್ನು ಅವರೊಂದಿಗೆ ಕಳೆದಿದ್ದೇನೆ. ವೈದ್ಯರು ಕಲಿಸಿದ್ದನ್ನೂ ನಾವು ತಪ್ಪು ಮಾಡಿ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ. ಯಾವ ಔಷಧಿ, ಎಷ್ಟು ಎಂಬುದನ್ನು ಮಾತ್ರ ರೋಗಿಯನ್ನು ಕಂಡ ವೈದ್ಯರೇ ತೀರ್ಮಾನಿಸಬೇಕು.

ಕಾಯಿಲೆಯನ್ನು ಗುರುತಿಸುವುದು

ಸಿಒಪಿಡಿಯಲ್ಲಿ ಶ್ವಾಸನಾಳಗಳು ಒಳಗಿನಿಂದ ಊದಿಕೊಂಡು, ಕಫ ಕಟ್ಟಿ ಕಿರಿದಾಗುತ್ತವೆ. ಅವುಗಳ ತುದಿಯಲ್ಲಿರುವ ಗಾಳಿಚೀಲಗಳು ಹಾಳಾಗಿ ಹಿಗ್ಗಿ ಕುಗ್ಗುವ ಶಕ್ತಿ ಕಳೆದುಕೊಳ್ಳುತ್ತವೆ. ಎಳೆದುಕೊಂಡ ಗಾಳಿ ಪೂರ್ತಿಯಾಗಿ ಹೊರಗೆ ಹೋಗದೆ ಎದೆಯಲ್ಲೇ ಉಳಿದುಬಿಡುವುದರಿಂದ ಮುಂದಿನ ಉಸಿರಿಗೆ ಜಾಗ ಸಾಲುವುದಿಲ್ಲ, ದಮ್ಮು ಕಟ್ಟುವುದು ಅದರಿಂದಲೇ. ಹಾಳಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಆದರೂ ಇನ್ನಷ್ಟು ಹಾಳಾಗುವುದನ್ನು ನಿಧಾನಿಸಲು, ದಮ್ಮು ಕಡಿಮೆ ಮಾಡಲು ಮತ್ತು ಆಸ್ಪತ್ರೆ ಸೇರುವ ಸಂದರ್ಭಗಳನ್ನು ತಪ್ಪಿಸಲು ಬೇಕಾದಷ್ಟು ದಾರಿಗಳಿವೆ.

ಅವ್ವ ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ. ಆದರೆ ನಲವತ್ತು ವರ್ಷ ಕಾಫಿ ಗಿಡದ ಬೊಡ್ಡೆ, ಹಸಿ ಸೌದೆಗಳ ಮುಂದೆ ಕುಳಿತು ಊದುಗೊಳವೆಯಲ್ಲಿ ಊದಿ ಊದಿ ಮನೆಮಂದಿಗೂ ತೋಟದ ಆಳುಗಳಿಗೂ ಬೇಯಿಸಿ ಹಾಕಿದ್ದಾರೆ. ಬೀಡಿ ಸಿಗರೇಟು ಸೇದದವರಿಗೆ ಈ ಕಾಯಿಲೆ ಬಾರದು ಎಂಬ ನಂಬಿಕೆಯಿಂದ ನಾವು ಹಲವು ವರ್ಷಗಳನ್ನು ಕಳೆದುಕೊಂಡೆವು. ಆ ವರ್ಷಗಳಲ್ಲಿ ಅವ್ವನಿಗೆ ಸಿಕ್ಕಿದ್ದು ಕೆಮ್ಮಿನ ಸಿರಪ್ ಒಂದೇ. ಹಾಗಾಗಿ ನಲವತ್ತು ದಾಟಿದವರು ಬೀಡಿ ಸೇದುವವರಾಗಿರಲಿ, ಒಲೆಯ ಮುಂದೆ ಕುಳಿತವರಾಗಿರಲಿ, ಕಾಫಿ ಸಂಸ್ಕರಣೆಯ ಧೂಳಿನಲ್ಲಿ ದುಡಿದವರಾಗಿರಲಿ, ಅವರಿಗೆ ತಿಂಗಳುಗಟ್ಟಲೆ ಕೆಮ್ಮು ಕಫ ಇದ್ದರೆ ಅಥವಾ ಏರು ಹತ್ತುವಾಗ ಸಮವಯಸ್ಕರಿಗಿಂತ ಬೇಗ ಏದುಸಿರು ಬರುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಿರದೆ ಸ್ಪೈರೋಮೆಟ್ರಿ ಮಾಡಿಸಬೇಕು.

ಸ್ಪೈರೋಮೆಟ್ರಿ ನೋವಿಲ್ಲದ ಪರೀಕ್ಷೆ. ಆಳವಾಗಿ ಉಸಿರೆಳೆದು ಕೊಳವೆಯೊಳಗೆ ಜೋರಾಗಿ, ಪೂರ್ತಿ ಖಾಲಿಯಾಗುವ ತನಕ ಊದಬೇಕು. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ 70 ಶೇಕಡಕ್ಕಿಂತ ಕಡಿಮೆಯಿದ್ದರೆ ನಾಳಗಳಲ್ಲಿ ತಡೆಯಿದೆಯೆಂದು ಅರ್ಥ. ಎಕ್ಸ್‌ರೇ ಒಂದರಿಂದಲೇ ಸಿಒಪಿಡಿಯನ್ನು ಖಚಿತಪಡಿಸಲು ಆಗುವುದಿಲ್ಲ, ಅದು ಬೇರೆ ಕಾಯಿಲೆಗಳನ್ನು ತಳ್ಳಿಹಾಕಲು ನೆರವಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಕಫ ಪರೀಕ್ಷೆಯನ್ನೂ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಹೊಗೆಯನ್ನು ಹೊರಗೆ ಹಾಕುವುದು

ಸೇದುವ ಅಭ್ಯಾಸವಿದ್ದರೆ ಬಿಡುವುದಕ್ಕಿಂತ ದೊಡ್ಡ ಚಿಕಿತ್ಸೆ ಬೇರೆ ಇಲ್ಲ, ಎಪ್ಪತ್ತರ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ. ಮನೋಬಲ ಒಂದರಿಂದಲೇ ಬಿಡಲಾಗದವರಿಗೆ ನಿಕೋಟಿನ್ ಗಮ್, ಪ್ಯಾಚ್ ಮತ್ತು ವೈದ್ಯರು ಬರೆದುಕೊಡುವ ಮಾತ್ರೆಗಳಿವೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ರೋಗಿ ಬಿಟ್ಟ ಮೇಲೆ ಮನೆಯ ಬೇರೆಯವರು ಜಗಲಿಯಲ್ಲಿ ಕುಳಿತು ಸೇದಿದರೂ ಆ ಹೊಗೆ ರೋಗಿಯ ಎದೆಗೇ ಸೇರುತ್ತದೆ.

ಒಲೆಯ ವಿಷಯ ಇನ್ನೂ ಕಷ್ಟದ್ದು. ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಹಂಡೆಗೆ ಸೌದೆಯೇ ಬೇಕು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಬೆಂಕಿ ಬೇಕು, ಚಳಿ ಕಾಯಿಸಲು ಕೋಣೆಯೊಳಗೆ ಕೆಂಡ ಬೇಕು. ನಾವು ಮಾಡಿದ ಬದಲಾವಣೆಗಳು ಮೂರೇ. ಹಂಡೆ ಒಲೆಯ ಬೆಂಕಿ ಹಾಕುವ ಬಾಯನ್ನು ಮನೆಯ ಹೊರಗೋಡೆಗೆ ತಿರುಗಿಸಿದೆವು, ಅಡುಗೆಮನೆಯ ಹೊಗೆಗೂಡಿನ ಮಸಿಯನ್ನು ಪ್ರತಿ ಮೇ ತಿಂಗಳಲ್ಲಿ ತೆಗೆಸಿದೆವು, ಅವ್ವ ಮಲಗುವ ಕೋಣೆಗೆ ಕೆಂಡದ ಬಾಣಲೆಯನ್ನು ಒಯ್ಯುವುದನ್ನು ಪೂರ್ತಿ ನಿಲ್ಲಿಸಿ ಬಿಸಿನೀರಿನ ಚೀಲ ಮತ್ತು ಕಂಬಳಿಗಳಿಗೆ ಬದಲಾದೆವು. ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದು ಶ್ವಾಸಕೋಶ ಚೆನ್ನಾಗಿರುವವರಿಗೂ ಪ್ರಾಣಾಪಾಯ. ತೋಟದ ಆಳುಗಳು ವಾಸಿಸುವ ಲೈನ್ ಮನೆಗಳಲ್ಲಿ ಅಡುಗೆ, ಮಲಗುವುದು ಎಲ್ಲ ಒಂದೇ ಕೋಣೆಯಲ್ಲಿ ನಡೆಯುವುದರಿಂದ ಅಲ್ಲಿನ ಹೆಂಗಸರು ಮಕ್ಕಳು ಕುಡಿಯುವ ಹೊಗೆ ನಮಗಿಂತ ಎಷ್ಟೋ ಪಾಲು ಹೆಚ್ಚು. ತೋಟದ ಯಜಮಾನರು ಆ ಮನೆಗಳಿಗೆ ಹೊಗೆಗೂಡು ಅಥವಾ ಗ್ಯಾಸ್ ಒದಗಿಸುವುದನ್ನು ಕೂಲಿ ಕೊಡುವಷ್ಟೇ ಕರ್ತವ್ಯವೆಂದು ತಿಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್‌ಹೇಲರ್: ಔಷಧಿ ಎದೆಗೆ ಇಳಿಯಬೇಕು

ಸಿಒಪಿಡಿಯ ಮುಖ್ಯ ಔಷಧಿಗಳೆಲ್ಲ ಉಸಿರಿನೊಂದಿಗೆ ಎಳೆದುಕೊಳ್ಳುವಂಥವು. ದಮ್ಮು ಬಂದಾಗ ಕೂಡಲೇ ನಾಳ ಹಿಗ್ಗಿಸುವ ಸಾಲ್ಬುಟಮಾಲ್‌ನಂಥವು ಒಂದು ಬಗೆ. ದಮ್ಮಿರಲಿ ಇಲ್ಲದಿರಲಿ ದಿನವೂ ತಪ್ಪದೆ ತೆಗೆದುಕೊಳ್ಳಬೇಕಾದ ಟಯೋಟ್ರೋಪಿಯಂ, ಗ್ಲೈಕೋಪಿರೋನಿಯಂ, ಫಾರ್ಮೋಟೆರಾಲ್‌ನಂಥ ದೀರ್ಘ ಪರಿಣಾಮದವು ಇನ್ನೊಂದು ಬಗೆ. ಪದೇ ಪದೇ ಕಾಯಿಲೆ ಉಲ್ಬಣಿಸುವ ಕೆಲವರಿಗೆ ಮಾತ್ರ ವೈದ್ಯರು ಇವುಗಳ ಜೊತೆ ಸ್ಟಿರಾಯ್ಡ್ ಇನ್‌ಹೇಲರ್ ಸೇರಿಸುತ್ತಾರೆ. ಇನ್‌ಹೇಲರ್ ಚಟವಾಗುತ್ತದೆ ಎಂಬ ಮಾತನ್ನು ನಮ್ಮ ಊರಿನ ಪ್ರತಿ ಮನೆಯಲ್ಲೂ ಕೇಳಿದ್ದೇನೆ. ಅದು ನಿಜವಲ್ಲ. ನೇರವಾಗಿ ನಾಳಕ್ಕೇ ತಲುಪುವುದರಿಂದ ಇಲ್ಲಿ ಬೇಕಾಗುವ ಔಷಧಿಯ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ.

ಅವ್ವನಿಗೆ ಮೊದಲ ಸಲ ಬರೆದುಕೊಟ್ಟದ್ದು ಕ್ಯಾಪ್ಸೂಲಿನ ಪುಡಿಯನ್ನು ಎಳೆಯುವ ಸಾಧನ. ಅಂಗಡಿಯಲ್ಲಿ ಕ್ಯಾಪ್ಸೂಲಿನ ಪೊಟ್ಟಣವನ್ನೂ ಸಾಧನವನ್ನೂ ಕೊಟ್ಟರೇ ಹೊರತು ಬಳಸುವ ವಿಧಾನವನ್ನು ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಎರಡು ವಾರ ಅವ್ವ ಆ ಕ್ಯಾಪ್ಸೂಲುಗಳನ್ನು ಬಿಸಿನೀರಿನೊಂದಿಗೆ ನುಂಗಿದ್ದರು. ಮರುಭೇಟಿಯಲ್ಲಿ ನರ್ಸ್ ಒಬ್ಬರು, “ಅಜ್ಜಿ, ಮನೆಯಲ್ಲಿ ಹೇಗೆ ತಗೊಳ್ತೀರೋ ಹಾಗೇ ಒಮ್ಮೆ ನನಗೆ ತೋರಿಸಿ” ಎಂದಾಗ ಅವ್ವ ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟುಕೊಂಡು ನೀರು ಕೇಳಿದರು. ಆ ನರ್ಸ್ ನಗಲಿಲ್ಲ, ಗದರಲಿಲ್ಲ. ಪಕ್ಕದಲ್ಲೇ ಕುಳಿತು ಮೂರು ಬಾರಿ ಮಾಡಿಸಿದರು. ಅಂದಿನಿಂದ ಪ್ರತಿ ಭೇಟಿಗೂ ಸಾಧನವನ್ನು ಚೀಲದಲ್ಲಿ ಒಯ್ದು ವೈದ್ಯರ ಎದುರಿನಲ್ಲೇ ಬಳಸಿ ತೋರಿಸುವುದನ್ನು ನಿಯಮ ಮಾಡಿಕೊಂಡಿದ್ದೇವೆ.

ಪುಡಿಯ ಸಾಧನದಲ್ಲಿ ಮೊದಲು ಬಾಯನ್ನು ಸಾಧನದಿಂದ ದೂರವಿಟ್ಟು ಉಸಿರನ್ನು ಹೊರಗೆ ಬಿಡಬೇಕು, ಅದರೊಳಗೆ ಊದಿದರೆ ಬಾಯಿಯ ಆವಿಗೆ ಪುಡಿ ಮುದ್ದೆಯಾಗುತ್ತದೆ. ಆಮೇಲೆ ತುಟಿಗಳನ್ನು ಬಿಗಿಯಾಗಿ ಮುಚ್ಚಿ ರಭಸದಿಂದ, ಆಳವಾಗಿ ಎಳೆಯಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿದು, ಸಾಧನ ತೆರೆದು ನೋಡಿ ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಬೇಕು. ಒತ್ತಿದಾಗ ಚಿಮ್ಮುವ ಪಂಪಿನ ವಿಧಾನ ಇದಕ್ಕೆ ತದ್ವಿರುದ್ಧ. ಅದನ್ನು ಚೆನ್ನಾಗಿ ಅಲುಗಾಡಿಸಿ, ಉಸಿರು ಬಿಟ್ಟು, ನಿಧಾನವಾಗಿ ಎಳೆಯಲು ಆರಂಭಿಸುತ್ತಿದ್ದಂತೆ ಒಮ್ಮೆ ಒತ್ತಿ, ಎಳೆಯುವುದನ್ನು ಮುಂದುವರಿಸಿ, ಆಮೇಲೆ ಉಸಿರು ಹಿಡಿದು ಹತ್ತು ಎಣಿಸಬೇಕು. ಎರಡನೆಯ ಸಲ ಬೇಕಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ತೆಗೆದುಕೊಳ್ಳಬೇಕು. ಒತ್ತುವುದೂ ಎಳೆಯುವುದೂ ಹೊಂದದ ಹಿರಿಯರಿಗೆ ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಬುರುಡೆ ಕೊಡಿಸಿ. ಅದನ್ನು ಸೋಪಿನ ನೀರಿನಲ್ಲಿ ತೊಳೆದು ತಾನಾಗಿಯೇ ಒಣಗಲು ಬಿಡಬೇಕು, ಬಟ್ಟೆಯಿಂದ ಉಜ್ಜಿದರೆ ಔಷಧಿ ಅದರ ಗೋಡೆಗೇ ಅಂಟಿಕೊಳ್ಳುತ್ತದೆ. ಸ್ಟಿರಾಯ್ಡ್ ಇರುವ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಬರುತ್ತದೆ.

ನಮ್ಮ ಜಿಲ್ಲೆಗೆ ಮುಖ್ಯವಾದ ಇನ್ನೊಂದು ಮಾತಿದೆ. ಗೋಡೆಯ ಮೇಲೆ ಪಾಚಿ ಕಟ್ಟುವ ಜುಲೈ ತಿಂಗಳಲ್ಲಿ ಕ್ಯಾಪ್ಸೂಲನ್ನು ಪೊಟ್ಟಣದಿಂದ ಮುಂಚಿತವಾಗಿ ಬಿಡಿಸಿಟ್ಟರೆ ಅದು ಥಂಡಿ ಹೀರಿ ಮೆತ್ತಗಾಗಿ, ಒಳಗಿನ ಪುಡಿ ಹಾರುವುದೇ ಇಲ್ಲ. ಬಳಸುವ ಕ್ಷಣದಲ್ಲಿ ಮಾತ್ರ ಬಿಡಿಸಿ. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಮಲಗುವ ಕೋಣೆಯಲ್ಲಿಡಿ, ಬಚ್ಚಲಲ್ಲಾಗಲಿ ಒಲೆಯ ಮೇಲಿನ ಅಟ್ಟದಲ್ಲಾಗಲಿ ಇಡಬೇಡಿ.

ಅಂಗಡಿಯಲ್ಲಿ ಕೇಳಿ ಪಡೆಯುವ ಸ್ಟಿರಾಯ್ಡ್ ಮಾತ್ರೆಗಳ ಬಗ್ಗೆ ಎಚ್ಚರ ಬೇಕು. ಎರಡು ದಿನದಲ್ಲಿ ಹಗುರವೆನಿಸುವುದು ನಿಜ, ಆದರೆ ತಿಂಗಳುಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಸ್ನಾಯು ಸೊರಗುತ್ತದೆ. ನಿದ್ರೆ ಮಾತ್ರೆ ಮತ್ತು ಮಂಪರು ಬರಿಸುವ ಕೆಮ್ಮಿನ ಸಿರಪ್ಪುಗಳು, ಅದರಲ್ಲೂ ಮದ್ಯದೊಂದಿಗೆ ಸೇರಿದರೆ, ಉಸಿರಾಟವನ್ನೇ ಕುಂದಿಸಬಲ್ಲವು. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ಅವ್ವ ಈಗಲೂ ಮದ್ದು ಸೊಪ್ಪಿನ ಪಾಯಸ ಮಾಡಿಸಿಕೊಂಡು ಉಣ್ಣುತ್ತಾರೆ. ಅದು ನಮ್ಮ ಸಂಪ್ರದಾಯ, ಸಂತೋಷ. ಅಂದಿನ ಇನ್‌ಹೇಲರನ್ನೂ ತಪ್ಪಿಸುವುದಿಲ್ಲ.

ಲಸಿಕೆ, ನಡಿಗೆ, ಊಟ

ಫ್ಲೂ ಲಸಿಕೆಯನ್ನು ಪ್ರತಿ ವರ್ಷ, ಮಳೆ ಹಿಡಿಯುವುದಕ್ಕೆ ಕೆಲವು ವಾರ ಮೊದಲೇ ಹಾಕಿಸಿ. ನ್ಯುಮೋನಿಯಾ ತಡೆಯಲು ಹಾಕುವ ನ್ಯುಮೊಕಾಕಲ್ ಲಸಿಕೆಯ ಬಗ್ಗೆ ಅದೇ ಭೇಟಿಯಲ್ಲಿ ಕೇಳಿ.

ದಮ್ಮಿಗೆ ಹೆದರಿ ಕುಳಿತಲ್ಲೇ ಕುಳಿತರೆ ಕಾಲಿನ ಸ್ನಾಯುಗಳು ಸೊರಗಿ, ಸಣ್ಣ ಕೆಲಸಕ್ಕೂ ಹೆಚ್ಚು ಉಸಿರು ಬೇಕಾಗುತ್ತದೆ. ಆದ್ದರಿಂದ ದಿನವೂ ನಡೆಯಲೇಬೇಕು. ನಮ್ಮ ಮನೆಯಿಂದ ರಸ್ತೆಗೆ ಹೋಗಲು ಏರು ಹತ್ತಬೇಕಾದ ಕಾರಣ ಅವ್ವನಿಗೆ ಕಾಫಿ ಒಣಗಿಸುವ ಕಣದ ಸಮತಟ್ಟು ನೆಲವೇ ನಡಿಗೆಯ ಜಾಗ. ಮೊದಲ ವಾರ ನಾಲ್ಕು ಸುತ್ತು, ಎರಡು ತಿಂಗಳಲ್ಲಿ ಇಪ್ಪತ್ತು ಸುತ್ತು. ಮಳೆಯಲ್ಲಿ ಉದ್ದ ಜಗಲಿಯೇ ಸಾಕು. ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ದಮ್ಮು ಬಂದರೆ ಅದು ಸರಿಯಾದ ವೇಗ.

ಏರು ಹತ್ತುವಾಗ ತುಟಿ ಕೂಡಿಸಿ ಉಸಿರು ಬಿಡುವ ವಿಧಾನ ಬಹಳ ಉಪಕಾರಿ. ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ಬಿಸಿ ಕಾಫಿಯನ್ನು ಆರಿಸುವಂತೆ ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ನಿಧಾನವಾಗಿ ಬಿಡಬೇಕು. ಇದರಿಂದ ಕಿರಿದಾದ ನಾಳಗಳು ತಟ್ಟನೆ ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಬರುತ್ತದೆ. ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ, ಬಗ್ಗುವಾಗ, ಅಂದರೆ ಶ್ರಮದ ಕ್ಷಣದಲ್ಲಿ ಉಸಿರು ಬಿಡುತ್ತಿರಬೇಕು, ಹಿಡಿಯಬಾರದು.

ಹೊಟ್ಟೆ ಬಿರಿಯುವಂತೆ ಉಂಡರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಇಳಿಯಲು ಜಾಗವಿರುವುದಿಲ್ಲ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ. ಮೊಟ್ಟೆ, ಮೀನು, ಬೇಳೆ, ಮಾಂಸ ಯಾವುದಾದರೂ ದಿನವೂ ಇರಲಿ. ತೂಕ ಇಳಿಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಆಕ್ಸಿಜನ್ ಮತ್ತು ಕರೆಂಟು

ಮನೆಯಲ್ಲಿ ಆಕ್ಸಿಜನ್ ಎಲ್ಲ ರೋಗಿಗಳಿಗೂ ಬೇಡ. ಕಾಯಿಲೆ ಸ್ಥಿಮಿತದಲ್ಲಿರುವಾಗಲೂ, ವಿಶ್ರಾಂತಿಯಲ್ಲಿ ರಕ್ತದ ಆಮ್ಲಜನಕ ಮಟ್ಟ 88 ಶೇಕಡ ಅಥವಾ ಅದಕ್ಕಿಂತ ಕೆಳಗೇ ಇರುವವರಿಗೆ ಪರೀಕ್ಷೆ ಮಾಡಿ ವೈದ್ಯರು ಬರೆದುಕೊಡುತ್ತಾರೆ. ಅಂಥವರು ದಿನಕ್ಕೆ ಕನಿಷ್ಠ 15 ಗಂಟೆ ಬಳಸಬೇಕು. ವೈದ್ಯರು ಗೊತ್ತುಮಾಡಿದ ಹರಿವನ್ನು ಗಾಬರಿಯಿಂದ ಹೆಚ್ಚಿಸಬಾರದು, ಏಕೆಂದರೆ ಅತಿಯಾದ ಆಕ್ಸಿಜನ್‌ನಿಂದ ಈ ರೋಗಿಗಳ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಅವರು ಮಂಕಾಗಿ ಪ್ರಜ್ಞೆ ತಪ್ಪಬಹುದು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರಕ್ಕೆ ಕರೆಂಟು ಬೇಕೇ ಬೇಕು, ಆದುದರಿಂದ ಮೇ ತಿಂಗಳಲ್ಲೇ ತುಂಬಿದ ಸಿಲಿಂಡರ್ ಒಂದನ್ನು ಮನೆಯಲ್ಲಿಟ್ಟು, ಅದನ್ನು ತೆರೆಯುವುದನ್ನು ಮನೆಯ ಇಬ್ಬರಾದರೂ ಕಲಿತಿರಬೇಕು. ಅದರ ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಸುಳಿಯಬಾರದು.

ಉಲ್ಬಣಿಸಿದಾಗ

ಎಂದಿಗಿಂತ ಹೆಚ್ಚು ದಮ್ಮು, ಹೆಚ್ಚು ಕಫ, ಬಿಳಿಯಿದ್ದ ಕಫ ಹಳದಿ ಅಥವಾ ಹಸಿರಿಗೆ ತಿರುಗುವುದು, ಈ ಮೂರರಲ್ಲಿ ಎರಡು ಕಂಡರೂ ಅಂದೇ ವೈದ್ಯರಿಗೆ ಕರೆ ಮಾಡಿ. ಹೀಗಾದಾಗ ಸಾಲ್ಬುಟಮಾಲ್ ಎಷ್ಟು ಬಾರಿ, ಸ್ಟಿರಾಯ್ಡ್ ಮಾತ್ರೆ ಎಷ್ಟು ದಿನ, ಆಂಟಿಬಯೋಟಿಕ್ ಯಾವಾಗ ಎಂಬುದನ್ನು ಮುಂಗಾರಿಗೆ ಮೊದಲಿನ ಭೇಟಿಯಲ್ಲೇ ವೈದ್ಯರಿಂದ ಬರೆಸಿಕೊಂಡು, ಆ ಔಷಧಿಗಳನ್ನು ಮನೆಯಲ್ಲಿ ಇಟ್ಟುಕೊಂಡಿರಬೇಕು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ರಸ್ತೆಗಳು ಕಡಿದುಹೋದುದನ್ನು ಕಂಡ ನಾವು ಈಗ ಎರಡು ತಿಂಗಳ ಇನ್‌ಹೇಲರನ್ನು ಮುಂಚಿತವಾಗಿ ತಂದಿಡುತ್ತೇವೆ. ಜನೌಷಧಿ ಕೇಂದ್ರದಲ್ಲಿ ಸಿಗುವಂಥದ್ದನ್ನು ಅಲ್ಲಿಂದ ತಂದರೆ ಖರ್ಚು ಹಗುರ.

ತುಟಿ ಉಗುರು ನೀಲಿಯಾಗುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು, ತೂಕಡಿಕೆ, ಮಾತು ತೊದಲುವುದು ಅಥವಾ ಗೊಂದಲ ಕಂಡರೆ ಮನೆಮದ್ದಿಗೆ ಒಂದು ಗಳಿಗೆಯನ್ನೂ ಕಳೆಯದೆ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸಬೇಡಿ, ಮುಂದಕ್ಕೆ ಬಾಗಿ ಮೇಜಿಗೋ ದಿಂಬಿಗೋ ಮೊಣಕೈ ಊರುವಂತೆ ಕೂರಿಸಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಮೊದಲು ತಲುಪಿಸಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್ ದೂರ. ಚಿಕಿತ್ಸೆ ಶುರುವಾಗದೆ ಆ ದಾರಿ ಹಿಡಿಯಬಾರದು.

ನಮ್ಮ ಮನೆಯಲ್ಲಿ ಫೋನಿನ ಪಕ್ಕದ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ಅಂಟಿಸಿದ್ದೇವೆ. ಅದರಲ್ಲಿ ಅವ್ವನ ಹೆಸರು, ವಯಸ್ಸು, ಈಗಿನ ಔಷಧಿಗಳು, ವೈದ್ಯರ ಫೋನ್ ನಂಬರ್, ಎಂದಿನ ದಿನಗಳ ಆಮ್ಲಜನಕದ ಮಟ್ಟ ಇವೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲಿದೆ: “ಸಿಒಪಿಡಿ ರೋಗಿ, ಆಕ್ಸಿಜನ್ 88ರಿಂದ 92ರ ಒಳಗೆ ಇರಲಿ.” ಆಂಬುಲೆನ್ಸ್ ಬಂದಾಗ ಆ ಹಾಳೆಯನ್ನು ಕಿತ್ತು ಸಿಬ್ಬಂದಿಯ ಕೈಗೆ ಕೊಡುತ್ತೇವೆ, ಮರಳಿ ಬಂದ ದಿನವೇ ಹೊಸದನ್ನು ಬರೆದು ಅಂಟಿಸುತ್ತೇವೆ.