ಹುಬ್ಬಳ್ಳಿ-ಧಾರವಾಡದಿಂದ ಅಮೆರಿಕಕ್ಕೆ ಬಂದು ಸ್ಟೀರಿಂಗ್ ಹಿಡಿಯುವವರಿಗೆ

ಚನ್ನಮ್ಮ ಸರ್ಕಲ್‌ನಲ್ಲಿ ಗಾಡಿ ಹೊಡೆದವರ ಕಣ್ಣು ಚುರುಕಾಗಿರುತ್ತದೆ. ಅಡ್ಡ ಬರುವ ಆಟೊ, ಬಾಜು ನುಗ್ಗುವ ಬೈಕು, ದಾಟುವ ಜನ ಎಲ್ಲರನ್ನೂ ನೋಡುತ್ತ, ಹಾರ್ನ್ ಹೊಡೆಯುತ್ತ ಸಾಗುವುದು ಅಲ್ಲಿಯ ರೂಢಿ. ಆ ಕಣ್ಣು ಇಲ್ಲಿಯೂ ಬೇಕು, ರೂಢಿ ಮಾತ್ರ ಬೇಡ. ಇಲ್ಲಿನವರು ನೀವು ನಿಯಮದಂತೆಯೇ ನಡೆಯುತ್ತೀರಿ ಎಂದು ನಂಬಿ ವೇಗವಾಗಿ ಬರುತ್ತಾರೆ. ನೀವು ಬೇರೇನೋ ಮಾಡಿದರೆ ಅವರಿಗೆ ಬ್ರೇಕ್ ಹಾಕಲು ಜಾಗವಿರುವುದಿಲ್ಲ.

ಬಲಬದಿಯಲ್ಲಿ ಓಡಿಸುವುದು ದಟ್ಟಣೆಯಲ್ಲಿ ಬೇಗ ಒಗ್ಗುತ್ತದೆ. ಮೋಸವಾಗುವುದು ರಸ್ತೆ ಖಾಲಿ ಇದ್ದಾಗ. ಬೆಳಗಿನ ಜಾವ ಪಾರ್ಕಿಂಗ್ ಜಾಗದಿಂದ ಹೊರಬಂದು ತಿರುಗುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಎದುರುಬದುರು ಓಡಾಟವಿರುವ ರಸ್ತೆಯಲ್ಲಿ ನಡುವಿನ ಹಳದಿ ಗೆರೆ ಯಾವಾಗಲೂ ನೀವು ಕೂತ ಬದಿಗೇ, ಅಂದರೆ ಎಡಕ್ಕೆ ಇರಬೇಕು. ಇಂಡಿಕೇಟರ್ ಕೂಡ ಎಡಗೈಗೆ. ಮಾರುತಿ, ಹ್ಯುಂಡೈ ಓಡಿಸಿ ಬಂದವರು ಮೊದಮೊದಲು ವೈಪರ್ ಹಾಕಿಬಿಡುತ್ತಾರೆ. ಗಾಡಿ ನಿಂತಾಗಲೇ ಹತ್ತು ಸಲ ಹಾಕಿ ತೆಗೆದು ಕೈಗೆ ಕಲಿಸಿ.

ಎಲ್ಲಕ್ಕಿಂತ ಮುಖ್ಯ, ಮುಂದಿನ ಗಾಡಿಯಿಂದ ಅಂತರ. ಗಂಟೆಗೆ 60 ಮೈಲಿ ಅಂದರೆ ಸುಮಾರು 97 ಕಿ.ಮೀ.; ಆ ವೇಗದಲ್ಲಿ ಕಾರು ಸೆಕೆಂಡಿಗೆ 88 ಅಡಿ ಓಡುತ್ತದೆ. ಮುಂದಿನ ಕಾರು ಒಂದು ಕಂಬ ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದು ಸಾವಕಾಶ ಎಣಿಸಿ. ಮುಗಿಯುವ ಮೊದಲೇ ನೀವು ಕಂಬ ತಲುಪಿದರೆ ತೀರ ಹತ್ತಿರವಿದ್ದೀರಿ. ಮಳೆಯಲ್ಲಿ ಇನ್ನೂ ಒಂದೆರಡು ಸೆಕೆಂಡು ಸೇರಿಸಿ. ಹಿಮದಲ್ಲಿ ಮೂರು ಪಟ್ಟು ಬಿಟ್ಟರೂ ಹೆಚ್ಚಲ್ಲ. ಬಿಟ್ಟ ಜಾಗದಲ್ಲಿ ಯಾರಾದರೂ ನುಗ್ಗಿದರೆ ನುಗ್ಗಲಿ, ಆಕ್ಸಿಲರೇಟರ್ ಸಡಿಲಿಸಿ ಮತ್ತೆ ಅಂತರ ಮಾಡಿಕೊಳ್ಳಿ. ಚಳಿಗಾಲದಲ್ಲಿ ಸೇತುವೆಗಳ ಮೇಲೆ ವಿಶೇಷ ಎಚ್ಚರವಿರಲಿ. ಕೆಳಗಿನಿಂದಲೂ ತಣ್ಣನೆ ಗಾಳಿ ತಗಲುವುದರಿಂದ ರಸ್ತೆಗಿಂತ ಮೊದಲು ಅಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಬರಿ ಒದ್ದೆಯಂತೆ ಕಾಣುತ್ತದೆ.

ಸ್ಟಾಪ್ ಫಲಕವಿದ್ದರೆ ಗಾಲಿ ಪೂರ್ತಿ ನಿಲ್ಲಬೇಕು, ಯಾರೂ ಇಲ್ಲದಿದ್ದರೂ. ನಾಲ್ಕೂ ಕಡೆ ಫಲಕವಿದ್ದರೆ ಮೊದಲು ಬಂದು ನಿಂತವರು ಮೊದಲು. ಒಟ್ಟಿಗೆ ಬಂದರೆ ನಿಮ್ಮ ಬಲಗಡೆಯವರಿಗೆ ದಾರಿ ಬಿಡಿ.

ಇಲ್ಲಿ ಕಷ್ಟದ ತಿರುವು ಎಡದ್ದು. ಬಾಣವಿಲ್ಲದ ದುಂಡು ಹಸಿರು ದೀಪಕ್ಕೆ ಎಡಕ್ಕೆ ಹೋಗುವಾಗ ಎದುರಿನವರದೇ ಹಕ್ಕು. ಕಾಯುವಾಗ ಸ್ಟೀರಿಂಗ್ ನೇರ ಇರಲಿ. ಮೊದಲೇ ಗಾಲಿ ತಿರುಗಿಸಿಟ್ಟರೆ, ಹಿಂದಿನಿಂದ ಯಾರಾದರೂ ಗುದ್ದಿದಾಗ ನಿಮ್ಮ ಕಾರು ಎದುರು ಬರುವವರ ಮುಂದೆ ಹೋಗಿ ಬೀಳುತ್ತದೆ. ಎದುರಿನವರು ಲೈಟ್ ಮಿಣುಕಿಸಿದರೆ ಊರಲ್ಲಿ ‘ನಾ ಬರಾಕತ್ತೀನಿ, ತಡಿ’ ಎಂದರ್ಥ. ಇಲ್ಲಿ ಹೆಚ್ಚಾಗಿ ‘ನೀವು ಹೋಗಿ’ ಎಂದು. ಅದನ್ನೇ ನಂಬಿ ನುಗ್ಗಬೇಡಿ, ಅವರ ಬಾಜು ಲೇನಿನವರಿಗೆ ಅದು ಗೊತ್ತಿರುವುದಿಲ್ಲ.

ಊರಲ್ಲಿ ಚಿಗರಿ ಬಸ್ಸಿಗೆ ಮೀಸಲಾದ ಲೇನಿಗೆ ಹೇಗೆ ಹೋಗಬಾರದೋ, ಹಾಗೆಯೇ ಇಲ್ಲಿ ವಜ್ರಾಕೃತಿಯ ಗುರುತಿರುವ, ಒಬ್ಬರಿಗಿಂತ ಹೆಚ್ಚು ಜನ ಕೂತ ಗಾಡಿಗಳಿಗೆ ಮೀಸಲಾದ ಲೇನಿಗೆ ಒಬ್ಬರೇ ಇದ್ದಾಗ ಸುಮ್ಮನೆ ಹೋಗಬಾರದು. ಎಷ್ಟು ಜನ ಇರಬೇಕು, ಎಷ್ಟು ಹೊತ್ತಿಗೆ ಎಂಬುದು ಫಲಕದಲ್ಲಿರುತ್ತದೆ.

ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿಣುಕಿಸಿ ನಿಂತರೆ, ನಡುವೆ ವಿಭಜಕವಿಲ್ಲದ ಎರಡು ಲೇನಿನ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಮಗು ಬಸ್ಸಿನ ಮುಂದಿನಿಂದ ಓಡಿ ದಾಟುತ್ತದೆ. ವಿಭಜಕವಿದ್ದಾಗಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ರಾಜ್ಯದ ಚಾಲಕರ ಕೈಪಿಡಿಯಲ್ಲಿ ಆ ಪುಟವನ್ನು ತಪ್ಪದೇ ಓದಿ.

ಪೊಲೀಸ್ ಗಾಡಿ ಹಿಂದೆ ದೀಪ ಹಾಕಿ ಬಂದರೆ ಇಂಡಿಕೇಟರ್ ಹಾಕಿ, ಬಲಬದಿಗೆ ಸರಿದು ನಿಲ್ಲಿಸಿ. ಊರಿನಂತೆ ಇಳಿದು ಅವರ ಹತ್ತಿರ ಹೋಗಬೇಡಿ. ಅದನ್ನು ಅಪಾಯವೆಂದು ತಿಳಿಯುತ್ತಾರೆ. ಕಿಟಕಿ ಇಳಿಸಿ, ರಾತ್ರಿಯಾಗಿದ್ದರೆ ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತೆ ಇಡಿ. ಲೈಸೆನ್ಸ್, ವಿಮೆ ಕಾಗದ ಕೇಳಿದಾಗ ಎಲ್ಲಿವೆ ಎಂದು ಬಾಯಿಂದ ಹೇಳಿ, ಆಮೇಲೆ ಕೈ ಚಾಚಿ.